ದೇವರನ್ನೇ ಲೆಕ್ಕ ಕೇಳುವ ಹಾಡುಗಳು: ಬ್ರೆಜಿಲ್‌ನ ಬರ, ಬಡತನ, ಭಕ್ತಿ

ಬ್ರೆಜಿಲ್ ಸಂಗೀತ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸಾಂಬಾ, ರಿಯೊ ಕಾರ್ನಿವಲ್, ಕಡಲ ತೀರದ ಬೋಸಾ ನೋವಾ. ಆ ದೇಶದ ಜನ ಎದೆಗೆ ಹಚ್ಚಿಕೊಂಡಿರುವ ಇನ್ನೊಂದು ದೊಡ್ಡ ರಾಶಿ ಹಾಡುಗಳಿವೆ. ಅವುಗಳಲ್ಲಿ ಕಡಲಿಲ್ಲ. ಮಳೆ ಬಾರದ ಹೊಲ ಇದೆ, ಬಾಯಾರಿ ಸತ್ತ ಕುದುರೆ ಇದೆ, ಬಾಗಿಲು ಮುಚ್ಚಿ ಊರು ಬಿಟ್ಟ ಕುಟುಂಬ ಇದೆ. ದೇವರಂತೂ ಹೆಚ್ಚುಕಡಿಮೆ ಪ್ರತಿ ಹಾಡಿನಲ್ಲೂ ಇದ್ದಾನೆ.

ಮೇಲಿಂದ ಮೇಲೆ ಕೇಳಿದರೆ ‘ಪಾಪ, ಬಡವರು, ದೇವರ ಮೇಲೆ ಭಾರ ಹಾಕಿ ಸಮಾಧಾನ ಮಾಡಿಕೊಂಡಿದ್ದಾರೆ’ ಅನ್ನಿಸಬಹುದು. ನಿಧಾನವಾಗಿ ಕೇಳಿದರೆ ಬೇರೆಯೇ ಕೇಳಿಸುತ್ತದೆ. ಈ ಹಾಡುಗಳಲ್ಲಿ ಬಡವರು ಲೆಕ್ಕ ಕೇಳುತ್ತಿದ್ದಾರೆ. ಒಮ್ಮೆ ದೇವರನ್ನು, ಒಮ್ಮೆ ಊರಿನ ಸಂತನನ್ನು, ಒಮ್ಮೆ ದೊಡ್ಡ ಪಟ್ಟಣದ ಅಧಿಕಾರಿಯನ್ನು. ಯಾವ ಹಾಡು ಯಾರನ್ನು ಕೇಳುತ್ತಿದೆ ಎಂದು ನೋಡುತ್ತ ಹೋದರೆ, ಹಳ್ಳಿಯ ಬಡವ ತನ್ನ ಕಷ್ಟಕ್ಕೆ ಯಾರು ಹೊಣೆ ಎಂದುಕೊಂಡಿದ್ದ, ಆಮೇಲೆ ಆ ಲೆಕ್ಕ ಹೇಗೆ ಬದಲಾಯಿತು ಎಂಬುದು ತಾನೇ ಬಿಚ್ಚಿಕೊಳ್ಳುತ್ತದೆ.

ಮಳೆ, ಜಮೀನು, ಸಂತರು

ಮೊದಲು ಊರು. ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ 9 ರಾಜ್ಯಗಳಿವೆ. ಕಡಲ ಬದಿಯಲ್ಲಿ ಹಸಿರು ಪಟ್ಟಿ, ಅಲ್ಲಿ ಶತಮಾನಗಳ ಕಾಲ ಗುಲಾಮರ ಬೆವರಿನಿಂದ ಕಬ್ಬು ಬೆಳೆಯಿತು. ಒಳಗೆ ಹೋದಂತೆ ಮುಳ್ಳುಗಿಡ, ಪಾಪಾಸುಕಳ್ಳಿ, ಕೆಂಪು ನೆಲದ ಒಣನಾಡು. ಇದನ್ನು ‘ಸೆರ್ತಾವ್’ ಅನ್ನುತ್ತಾರೆ. ಸಿಯಾರಾ, ಪೆರ್ನಾಂಬುಕೊ, ಪರೈಬಾ, ಬಾಯಿಯಾ ರಾಜ್ಯಗಳ ಒಳನಾಡೆಲ್ಲ ಇದರಲ್ಲಿ ಬರುತ್ತದೆ.

ಸೆರ್ತಾವ್‌ನ ಉತ್ತರ ಭಾಗಕ್ಕೆ ಮಳೆ ಬರುವುದು ಫೆಬ್ರವರಿಯಿಂದ ಮೇವರೆಗೆ ಮಾತ್ರ. ಸಮಭಾಜಕದ ಹತ್ತಿರ ಭೂಮಿಯನ್ನು ಸುತ್ತುವರಿದ ಮೋಡದ ಪಟ್ಟಿಯೊಂದಿದೆ. ಅದು ಸೂರ್ಯನ ಹಿಂದೆ ನಿಧಾನವಾಗಿ ಉತ್ತರಕ್ಕೂ ದಕ್ಷಿಣಕ್ಕೂ ಸರಿಯುತ್ತದೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ದಕ್ಷಿಣದ ತುದಿ ಮುಟ್ಟಿದಾಗ ಈ ನಾಡಿಗೆ ಮಳೆ. ಪೆಸಿಫಿಕ್ ಸಾಗರ ಬಿಸಿಯಾಗುವ ಎಲ್ ನಿನೊ ವರ್ಷಗಳಲ್ಲಿ ಈ ಪಟ್ಟಿ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಆಗ ಬರ. 1877ರಿಂದ 1879ರವರೆಗಿನ ಮಹಾಬರದಲ್ಲಿ ಸುಮಾರು 5 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಹಸಿವಿನ ಹಿಂದೆಯೇ ಸಿಡುಬು ಬಂತು. ಸಿಯಾರಾದ ರಾಜಧಾನಿ ಫೋರ್ತಲೇಜಾದಲ್ಲಿ 1878ರ ಡಿಸೆಂಬರ್‌ನ ಒಂದೇ ದಿನ 1000ಕ್ಕೂ ಹೆಚ್ಚು ಹೆಣಗಳನ್ನು ಹೂಳಬೇಕಾಯಿತು. ಮೈಸೂರು ಸಂಸ್ಥಾನವನ್ನು ಹಿಂಡಿದ ಧಾತು, ಈಶ್ವರ ಸಂವತ್ಸರಗಳ ಬರದ ಕಾಲವೂ ಅದೇ. ಎರಡರ ಹಿಂದೆಯೂ ಪೆಸಿಫಿಕ್‌ನ ಅದೇ ಬಿಸಿನೀರಿತ್ತು.

ಆದರೆ ಜನ ಸತ್ತದ್ದು ಮೋಡ ಬಾರದ್ದಕ್ಕೆ ಮಾತ್ರವಲ್ಲ. ಜಮೀನು ಕೆಲವೇ ದೊಡ್ಡ ಧಣಿಗಳ ಕೈಯಲ್ಲಿತ್ತು. ಅಂಥವರನ್ನು ಅಲ್ಲಿ ‘ಕರ್ನಲ್’ ಎಂದು ಕರೆಯುತ್ತಿದ್ದರು. ಸೈನ್ಯಕ್ಕೂ ಅವರ ದಿನನಿತ್ಯದ ದರ್ಬಾರಿಗೂ ಏನೂ ಸಂಬಂಧ ಇರಲಿಲ್ಲ. ಉಳುವವನಿಗೆ ಬೆಳೆಯಲ್ಲಿ ಪಾಲು ಮಾತ್ರ. ಮಳೆ ಕೈಕೊಟ್ಟರೆ ಧಣಿಗೆ ಕೆರೆ ಇದೆ, ಸಾಲ ಸಿಗುತ್ತದೆ, ಪಟ್ಟಣದಲ್ಲಿ ಮನೆ ಇದೆ. ಪಾಲುಗಾರನಿಗೆ ಇರುವುದು ರಸ್ತೆ ಒಂದೇ. 1909ರಿಂದ ಸರಕಾರ ಬರ ಎದುರಿಸಲು ಇಲಾಖೆ ಕಟ್ಟಿ ಅಣೆಕಟ್ಟು ಹಾಕಿಸಿತು. ಅವುಗಳಲ್ಲಿ ಎಷ್ಟೋ ಧಣಿಗಳ ಜಮೀನಿನೊಳಗೇ ಎದ್ದವು, ನೀರೂ ಅವರ ದನಗಳಿಗೇ ಹೋಯಿತು. ಬರದ ಹೆಸರಲ್ಲಿ ಬಂದ ದುಡ್ಡು ಹೀಗೆ ಉಳ್ಳವರಿಗೇ ಸೇರುವುದನ್ನು ಅಲ್ಲಿನವರು ‘ಬರದ ಇಂಡಸ್ಟ್ರಿ’ ಅನ್ನುತ್ತಾರೆ.

ಇನ್ನು ಭಕ್ತಿ. ಇಷ್ಟು ದೊಡ್ಡ ಒಳನಾಡಿಗೆ ಪಾದ್ರಿಗಳು ಬಹಳ ಕಡಿಮೆ. ಎಷ್ಟೋ ಹಳ್ಳಿಗಳಲ್ಲಿ ವರ್ಷಕ್ಕೊಮ್ಮೆ ಪೂಜೆ ಆದರೆ ಹೆಚ್ಚು. ಹಾಗಾಗಿ ಜನ ತಮ್ಮ ಧರ್ಮವನ್ನು ತಾವೇ ನಡೆಸಿಕೊಂಡರು. ಮನೆಯ ಗೂಡಿನಲ್ಲಿ ಸಂತರ ಮೂರ್ತಿ, 9 ದಿನದ ಪ್ರಾರ್ಥನೆ, ಊರ ಹೆಂಗಸರು ಹೇಳಿಕೊಡುವ ಜಪಮಾಲೆ, ಹರಕೆ, ಪಾದಯಾತ್ರೆ. ಕಾಲು ವಾಸಿಯಾದರೆ ಮರದಲ್ಲಿ ಕೆತ್ತಿದ ಕಾಲನ್ನು ಸಂತನಿಗೆ ಒಪ್ಪಿಸುತ್ತಾರೆ. ಸಂತನ ಜೊತೆಗಿನ ಈ ಸಂಬಂಧ ಬಹಳ ಹತ್ತಿರದ್ದು. ‘ನೀನು ಇದನ್ನು ಮಾಡು, ನಾನು ಅದನ್ನು ಮಾಡ್ತೀನಿ’ ಎಂದು ಎದುರು ಕೂತು ಮಾತಾಡುವಂಥದ್ದು. ಹೀಗೆ ಸಲಿಗೆ ಇರುವುದರಿಂದಲೇ ಅವರು ದೇವರೊಡನೆ ಜಗಳವನ್ನೂ ಆಡಬಲ್ಲರು. ಇದು ಗೊತ್ತಿಲ್ಲದೆ ಮುಂದಿನ ಹಾಡುಗಳು ಅರ್ಥವಾಗುವುದು ಕಷ್ಟ.

ಇಂಥ ಭಕ್ತಿಯ ದೊಡ್ಡ ಕೇಂದ್ರ ಸಿಯಾರಾದ ಜುವಾಜೇರೊ ದೊ ನೋರ್ತೆ. ಅಲ್ಲಿನ ಪಾದ್ರಿ ಸಿಸೆರೊ ಕೊಟ್ಟ ಪ್ರಸಾದದ ರೊಟ್ಟಿ 1889ರಲ್ಲಿ ಮರಿಯಾ ದೆ ಅರಾವುಜೊ ಎಂಬ ಬಡ ಹೆಂಗಸಿನ ಬಾಯಲ್ಲಿ ರಕ್ತವಾಯಿತು ಎಂಬ ಸುದ್ದಿ ಹಬ್ಬಿತು. ಚರ್ಚು ಅದನ್ನು ಪವಾಡ ಎಂದು ಒಪ್ಪಲಿಲ್ಲ, ಪೂಜೆ ಮಾಡದಂತೆ ಅವರನ್ನು ತಡೆಯಿತು. ಜನ ಮಾತ್ರ ಬರುವುದನ್ನು ನಿಲ್ಲಿಸಲಿಲ್ಲ. ಬರದಿಂದ ಓಡಿಬಂದವರಿಗೆ ಆ ಊರು ಆಸರೆಯಾಯಿತು. ಸಿಸೆರೊ 1911ರಲ್ಲಿ ಅಲ್ಲಿನ ಮೊದಲ ಮೇಯರ್ ಆದರು, 1934ರಲ್ಲಿ ತೀರಿಕೊಂಡರು. ವ್ಯಾಟಿಕನ್ ಅವರೊಡನೆ ರಾಜಿ ಮಾಡಿಕೊಂಡಿದ್ದು 2015ರಲ್ಲಿ. ಅಷ್ಟೊತ್ತಿಗೆ ಜನ ಅವರನ್ನು ಸಂತ ಎಂದುಕೊಂಡು ನೂರು ವರ್ಷ ಕಳೆದಿತ್ತು.

ಅಕಾರ್ಡಿಯನ್ ಹಿಡಿದ ಹಳ್ಳಿ ಹುಡುಗ

ಈ ನಾಡಿನ ದನಿಯನ್ನು ಇಡೀ ದೇಶಕ್ಕೆ ಕೇಳಿಸಿದವರು ಲುಯಿಜ್ ಗೊನ್ಜಾಗಾ. 1912ರ ಡಿಸೆಂಬರ್ 13ರಂದು ಪೆರ್ನಾಂಬುಕೊದ ಎಶು ಎಂಬ ಊರಲ್ಲಿ ಹುಟ್ಟಿದರು. ಆ ದಿನ ಸಂತ ಲೂಸಿಯಾ ಹಬ್ಬ. ಆ ಹಬ್ಬ ಈ ಕತೆಯಲ್ಲಿ ಇನ್ನೊಮ್ಮೆ ಬರುತ್ತದೆ. ತಂದೆ ಜನುವಾರಿಯೊ ಹೊಲದ ಕೆಲಸದವರು, ಅಕಾರ್ಡಿಯನ್ ನುಡಿಸುವವರು, ರಿಪೇರಿ ಮಾಡುವವರು. ಮಗ ಸೈನ್ಯ ಸೇರಿ, ಆಮೇಲೆ ರಿಯೊ ದೆ ಜನೇರೊ ಸೇರಿ, ಮೊದಮೊದಲು ಬಾರುಗಳಲ್ಲಿ ಟ್ಯಾಂಗೊ, ವಾಲ್ಟ್ಸ್ ನುಡಿಸಿದರು. ಆಮೇಲೆ ತನ್ನೂರಿನ ಹಾಡಿಗೇ ಮರಳಿದರು. ಅಕಾರ್ಡಿಯನ್, ಜಬುಂಬಾ ಎಂಬ ದೊಡ್ಡ ಡೋಲು, ಕಬ್ಬಿಣದ ತ್ರಿಕೋನ ಇಷ್ಟೇ ಮೇಳ. ತಲೆಗೆ ದನಗಾಹಿಗಳ ಚರ್ಮದ ಟೋಪಿ. 1940ರ ದಶಕದ ರೇಡಿಯೊದಲ್ಲಿ ಅವರ ‘ಬಾಯಾವ್’ ತಾಳ ಎಂಥ ಅಲೆ ಎಬ್ಬಿಸಿತೆಂದರೆ ಜನ ಅವರಿಗೆ ಬಾಯಾವ್ ರಾಜ ಎಂದೇ ಹೆಸರಿಟ್ಟರು.

1947ರಲ್ಲಿ ಅವರು ‘ಆಜಾ ಬ್ರಾಂಕಾ’ ಹಾಡನ್ನು ಧ್ವನಿಮುದ್ರಿಸಿದರು. ಅಂದರೆ ಬಿಳಿರೆಕ್ಕೆ. ಆ ಒಣನಾಡಿನ ಒಂದು ಜಾತಿಯ ಕಾಡುಪಾರಿವಾಳದ ಹೆಸರು. ಧಾಟಿ ತಂದೆ ನುಡಿಸುತ್ತಿದ್ದ ಹಳೆಯ ಜನಪದ ಧಾಟಿ. ಸಾಹಿತ್ಯವನ್ನು ಸಿಯಾರಾದ ವಕೀಲ ಉಂಬೆರ್ತೊ ತೆಯ್ಶೇರಾ ಜೊತೆ ಸೇರಿ ಕಟ್ಟಿದರು. ಮುದ್ರಣದ ದಿನ ಸ್ಟುಡಿಯೊದ ವಾದ್ಯಗಾರರು ‘ಇದು ಕುರುಡ ಭಿಕ್ಷುಕರ ಹಾಡು’ ಎಂದು ಹಂಗಿಸಿದರೆಂಬ ಕತೆ ಇದೆ. ಇವತ್ತು ಅದು ಬ್ರೆಜಿಲ್‌ನಲ್ಲಿ ಎಲ್ಲರಿಗೂ ಬಾಯಿಗೆ ಬರುವ ಹಾಡು.

ಅದರ ಮೊದಲ ಸಾಲುಗಳನ್ನೇ ನೋಡಿ. ಸಂತ ಯೊವಾನ್ನರ ಹಬ್ಬದ ಬೆಂಕಿಯ ಹಾಗೆ ನೆಲ ಉರಿಯುತ್ತಿರುವುದನ್ನು ಕಂಡು, ಹಾಡುವವನು ಆಕಾಶದ ದೇವರನ್ನು ಕೇಳುತ್ತಾನೆ: ಯಾಕಿಷ್ಟು ಕ್ರೌರ್ಯ? ಜೂನ್ 24ರ ಆ ಹಬ್ಬ ಸೆರ್ತಾವ್‌ನಲ್ಲಿ ವರ್ಷದ ದೊಡ್ಡ ಸಂಭ್ರಮ. ಮೆಕ್ಕೆಜೋಳದ ಬೆಳೆ ಕೈಗೆ ಬಂದ ಕಾಲ. ಮನೆ ಮನೆ ಮುಂದೆ ಬೆಂಕಿ ಹಾಕಿ, ಜೋಳ ಸುಟ್ಟು ತಿಂದು ಕುಣಿಯುತ್ತಾರೆ. ಬೆಳೆ ಬಂದ ಖುಷಿಗೆ ಹಚ್ಚುವ ಬೆಂಕಿ ಇಲ್ಲಿ ಬೆಳೆ ಸುಡುವ ಬೆಂಕಿಯಾಗಿದೆ. ಹಬ್ಬ ಕೊಟ್ಟ ದೇವರಿಗೆ ಅದೇ ಹಬ್ಬವನ್ನು ತೋರಿಸಿ ಪ್ರಶ್ನೆ ಕೇಳುವುದು ಎಷ್ಟು ಚುರುಕಾದ ಮಾತು ಅಲ್ವಾ? ದೇವರು ಉತ್ತರ ಕೊಡುವುದಿಲ್ಲ. ದನ ಸಾಯುತ್ತದೆ, ಕುದುರೆ ಬಾಯಾರಿ ಸಾಯುತ್ತದೆ, ಬರವನ್ನು ತಾಳಿಕೊಳ್ಳಬಲ್ಲ ಆ ಪಾರಿವಾಳವೂ ಹಾರಿಹೋಗುತ್ತದೆ. ಅವನೂ ತನ್ನ ರೋಜಿನ್ಯಾಗೆ ಮರಳಿ ಬರುವ ಮಾತು ಕೊಟ್ಟು ಹೊರಡುತ್ತಾನೆ.

ಮೂರು ವರ್ಷದ ನಂತರ, 1950ರಲ್ಲಿ, ಗೊನ್ಜಾಗಾ ಇದರ ಮುಂದಿನ ಕತೆ ಹಾಡಿದರು. ಈ ಸಲ ಜೊತೆಗೆ ಇದ್ದವರು ಜೆ ದಾಂತಾಸ್. ಅವರು ಡಾಕ್ಟರ್, ಪೆರ್ನಾಂಬುಕೊದ ಒಳನಾಡಿನವರು. ಮೂರು ರಾತ್ರಿಯಿಂದ ಉತ್ತರದ ಕಡೆ ಮಿಂಚು, ಹಕ್ಕಿ ಮರಳಿದೆ, ರೈತನೂ ಹೊಲ ನೋಡಲು ಮರಳುತ್ತಾನೆ. ದೇವರಿಗೆ ಕೊನೆಗೂ ಮಳೆ ಕಳಿಸುವ ನೆನಪಾಯಿತು ಎನ್ನುತ್ತಾನೆ. ನೆನಪಾಯಿತು ಎಂದರೆ ಇಷ್ಟು ದಿನ ಮರೆತಿದ್ದ ಎಂದಾಯಿತಲ್ಲ! ಕೃತಜ್ಞತೆಯ ಒಳಗೇ ಒಂದು ಸಣ್ಣ ಮೊಟಕು. ಬೆಳೆ ಚೆನ್ನಾಗಿ ಬಂದರೆ ವರ್ಷದ ಕೊನೆಗೆ ಮದುವೆ ಎಂದು ಪಾದ್ರಿಗೂ ಹೇಳಿಬಿಡುತ್ತಾನೆ. ಮದುವೆಯೂ ಮಳೆಯ ಮೇಲೇ ನಿಂತಿದೆ.

ಈ ಎರಡರ ನಡುವೆ, 1949ರಲ್ಲಿ, ಬಂದ ‘ಲೆಗ್ವಾ ತಿರಾನಾ’ ಹರಕೆಯ ಹಾಡು. ಒಬ್ಬ ಬಡವ ಜುವಾಜೇರೊಗೆ ನಡೆದು ಹೋಗಿ ಪಾದ್ರಿ ಸಿಸೆರೊಗೆ ಬೇಡಿಕೊಂಡು, ಈಗ ಮನೆಗೆ ನಡೆದು ಬರುತ್ತಿದ್ದಾನೆ. ಇಪ್ಪತ್ತು ಬೆಟ್ಟ ದಾಟಿದ್ದಾನೆ, ದಾರಿ ಮುಗಿಯುತ್ತಿಲ್ಲ, ಕಾಲು ಸೋತುಹೋಗಿದೆ. ಮನಸ್ಸು ಮಾತ್ರ ಹಗುರ. ಸಂತ ಪ್ರಾರ್ಥನೆ ಕೇಳಿಸಿಕೊಂಡ, ಮಳೆ ಬಂತು. ದಾಸ್ ದೋರೆಸ್‌ಗೆ ಒಂದು ಜಪಮಾಲೆ, ರೈಮುಂದೊಗೆ ಒಂದು ಗಿಟಾರ್ ತರುತ್ತಿದ್ದಾನೆ. ತನ್ನವಳಿಗೆ ಕೊಡಲು ತಾನು ಮತ್ತು ತನ್ನ ಹೃದಯ, ಅಷ್ಟೇ. ಗೊನ್ಜಾಗಾ ಹಾಡಿರುವ ಭಕ್ತಿಯ ಹಾಡುಗಳಲ್ಲಿ ನನಗೆ ಇದೇ ಹೆಚ್ಚು ಇಷ್ಟ. ಇಲ್ಲಿ ವ್ಯವಹಾರ ಸರಿಯಾಗಿ ನಡೆದಿದೆ. ಇವನು ನಡೆದ, ಅವನು ಕೊಟ್ಟ.

ಉಪ್ಪಿನ ಹರಳು ಮತ್ತು ಮಾರ್ಚ್ 19

ವ್ಯವಹಾರ ಮುರಿದುಬಿದ್ದರೆ? ಅದಕ್ಕೆ ‘ಆ ತ್ರಿಸ್ತೆ ಪಾರ್ತಿದಾ’ ಕೇಳಬೇಕು. ದುಃಖದ ನಿರ್ಗಮನ. ಬರೆದವರು ಸಿಯಾರಾದ ಅಸ್ಸಾರೆ ಎಂಬ ಊರಿನ ರೈತಕವಿ ಆಂತೊನಿಯೊ ಗೊನ್ಸಾಲ್ವೆಸ್ ದಾ ಸಿಲ್ವಾ. ಎಲ್ಲರೂ ಅವರನ್ನು ಪತತಿವಾ ಎಂದು ಕರೆದರು, ಅದು ಒಂದು ಹಾಡುಹಕ್ಕಿಯ ಹೆಸರು. 1909ರಲ್ಲಿ ಹುಟ್ಟಿದ ಅವರು ಶಾಲೆಗೆ ಹೋಗಿದ್ದು ಕೆಲವೇ ತಿಂಗಳು. ಚಿಕ್ಕಂದಿನಲ್ಲೇ ಒಂದು ಕಣ್ಣು ಹೋಯಿತು. ಹೊಲದಲ್ಲಿ ದುಡಿಯುತ್ತಲೇ ಪದ್ಯ ಕಟ್ಟಿ ನೆನಪಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಈ ಪದ್ಯವನ್ನು ಗೊನ್ಜಾಗಾ 1964ರಲ್ಲಿ ಹಾಡಿದರು.

ಹಾಡು ಪಂಚಾಂಗದ ಹಾಗೆ ತಿಂಗಳು ತಿಂಗಳಾಗಿ ಸಾಗುತ್ತದೆ. ಸೆಪ್ಟೆಂಬರ್ ಹೋಯಿತು, ಅಕ್ಟೋಬರ್, ನವೆಂಬರ್ ಹೋಯಿತು. ಡಿಸೆಂಬರ್ 13, ಅದೇ ಸಂತ ಲೂಸಿಯಾ ಹಬ್ಬ, ರೈತ ಉಪ್ಪಿನ ಹರಳಿನ ಪರೀಕ್ಷೆ ಮಾಡುತ್ತಾನೆ. ರಾತ್ರಿ ಆರು ಹರಳುಗಳನ್ನು ಸಾಲಾಗಿ ಬಯಲಿಗಿಡುವುದು ರೂಢಿ. ಜನವರಿಯಿಂದ ಜೂನ್‌ವರೆಗೆ ತಿಂಗಳಿಗೊಂದು. ಬೆಳಿಗ್ಗೆ ಯಾವ ಹರಳು ಕರಗಿದೆಯೋ ಆ ತಿಂಗಳು ಮಳೆ. ಈ ಸಲ ಉಪ್ಪು ಕೈಕೊಟ್ಟಿತು. ಕ್ರಿಸ್‌ಮಸ್ ಬೆಳಿಗ್ಗೆ ದಿಗಂತದಲ್ಲಿ ಮೋಡದ ಗೆರೆ ಕಾಣುತ್ತದೇನೋ ಎಂದು ನೋಡಿದ. ಬರೀ ಕೆಂಪು ಸೂರ್ಯ. ಜನವರಿ ಜಾರಿತು, ಫೆಬ್ರವರಿಯೂ ಬೇಸಿಗೆಯೇ. ಇದು ಶಿಕ್ಷೆ ಎಂದುಕೊಂಡ. ಉಳಿದದ್ದು ಮಾರ್ಚ್, ಸಂತ ಜೋಸೆಫರ ತಿಂಗಳು.

ಮಾರ್ಚ್ 19ರ ಜೋಸೆಫರ ಹಬ್ಬದೊಳಗೆ ಮಳೆ ಬಾರದಿದ್ದರೆ ಆ ವರ್ಷ ಬೆಳೆ ಇಲ್ಲ ಎಂಬುದು ಸೆರ್ತಾವ್‌ನ ಗಟ್ಟಿ ನಂಬಿಕೆ. ಇದನ್ನು ಮೂಢನಂಬಿಕೆ ಎಂದು ಬದಿಗಿಡುವ ಹಾಗಿಲ್ಲ. ಹಗಲು ರಾತ್ರಿ ಸಮವಾಗುವ ದಿನ ಅದರ ಮರುದಿನವೇ, ಇಲ್ಲವೇ ಇನ್ನೊಂದು ದಿನ ಬಿಟ್ಟು. ಮೋಡದ ಪಟ್ಟಿ ಕೆಳಗಿಳಿಯಬೇಕಾದ ಕಾಲ ಅದೇ. ಆಗಲೂ ಬರಲಿಲ್ಲವೆಂದರೆ ಆಮೇಲೆ ಬಿತ್ತಿದ್ದು ಕಾಳು ಕಟ್ಟುವುದು ಕಷ್ಟ. ತಲೆಮಾರುಗಳ ಹವಾಮಾನದ ಅರಿವು ಒಬ್ಬ ಸಂತನ ಹೆಸರಲ್ಲಿ ಭದ್ರವಾಗಿ ಉಳಿದಿದೆ.

ಮಳೆ ಬರುವುದಿಲ್ಲ. ರೈತನ ಎದೆಯಲ್ಲಿ ಅಷ್ಟೋ ಇಷ್ಟೋ ಉಳಿದಿದ್ದ ನಂಬಿಕೆಯೂ ಹೊರಟುಹೋಯಿತು ಎನ್ನುತ್ತದೆ ಹಾಡು. ನಂಬಿಕೆ ಹೋದ ಮೇಲೆಯೇ ಅವನು ಕತ್ತೆ, ಕುದುರೆ ಮಾರಲು ನಿರ್ಧರಿಸುವುದು. ಕಾಸಿಗೆ ಕೊಳ್ಳಲು ಉಳ್ಳವನೊಬ್ಬ ಕಾದೇ ಇರುತ್ತಾನೆ. ಮನೆಯವರನ್ನೆಲ್ಲ ಲಾರಿಗೆ ಹತ್ತಿಸಿ ಸಾವ್ ಪಾವ್ಲೊ ಕಡೆಗೆ. ಲಾರಿಯಲ್ಲಿ ಒಬ್ಬ ಮಗ ಅಳುತ್ತಾನೆ: ನನ್ನ ನಾಯಿಗೆ ಅನ್ನ ಹಾಕೋರು ಯಾರು? ಇನ್ನೊಬ್ಬನಿಗೆ ಬೆಕ್ಕಿನ ಚಿಂತೆ. ಪುಟ್ಟ ಹುಡುಗಿಗೆ ಗುಲಾಬಿ ಗಿಡ ಒಣಗುತ್ತದೆ ಎಂಬ ಸಂಕಟ, ಬೊಂಬೆಯೂ ಅಲ್ಲೇ ಉಳಿಯಿತು. ಪಟ್ಟಣದಲ್ಲಿ ಧಣಿಯ ಸಾಲ ತೀರುವುದಿಲ್ಲ, ಊರಿಗೆ ಮರಳುವುದು ಆಗುವುದೇ ಇಲ್ಲ. ಇಷ್ಟು ದೀರ್ಘ ಕತೆಯ ಉದ್ದಕ್ಕೂ, ಸಾಲು ಸಾಲಿನ ನಡುವೆ, ಹಿಮ್ಮೇಳ ‘ದೇವರೇ, ನನ್ನ ದೇವರೇ’ ಎಂದು ಕೂಗುತ್ತಲೇ ಇರುತ್ತದೆ. ಕತೆಯೊಳಗೆ ನಂಬಿಕೆ ಮುಗಿದರೂ ಹಿಮ್ಮೇಳದಲ್ಲಿ ಕೂಗು ನಿಲ್ಲದು. ಕಾವ್ಯದಲ್ಲಿ ಇದಕ್ಕಿಂತ ಪ್ರಾಮಾಣಿಕವಾಗಿ ಈ ಇಕ್ಕಟ್ಟನ್ನು ಹೇಳಿದ್ದು ನಾನು ಕಂಡಿಲ್ಲ.

ಲಾರಿಯ ಮೇಲೆ ಹಲಗೆ ಹಾಕಿ ಜನರನ್ನು ತುಂಬುವ ಆ ಗಾಡಿಗೆ ‘ಪಾವ್ ದೆ ಅರಾರಾ’ ಎಂದು ಹೆಸರು. ಈಗ ಬ್ರೆಜಿಲ್‌ನ ಅಧ್ಯಕ್ಷರಾಗಿರುವ ಲೂಲಾ 1952ರಲ್ಲಿ, 7 ವರ್ಷದ ಹುಡುಗನಾಗಿ, ತಾಯಿ ಮತ್ತು ಒಡಹುಟ್ಟಿದವರ ಜೊತೆ ಪೆರ್ನಾಂಬುಕೊದಿಂದ ಹೀಗೆಯೇ 13 ದಿನ ಪ್ರಯಾಣ ಮಾಡಿ ದಕ್ಷಿಣಕ್ಕೆ ಬಂದವರು. 1965ರಲ್ಲಿ ರಿಯೊದ ‘ಒಪಿನಿಯಾವ್’ ಪ್ರದರ್ಶನದಲ್ಲಿ ಯುವ ಗಾಯಕಿ ಮಾರಿಯಾ ಬೆತಾನಿಯಾ ಬೇರೊಂದು ಹಾಡಿನ ಮಧ್ಯೆ ಅಂಕಿಅಂಶವನ್ನೇ ಓದಿ ಹೇಳುತ್ತಿದ್ದರು. 1950ರಲ್ಲಿ 20 ಲಕ್ಷಕ್ಕೂ ಹೆಚ್ಚು ಈಶಾನ್ಯದವರು ತಮ್ಮ ರಾಜ್ಯದ ಹೊರಗೆ ಬದುಕುತ್ತಿದ್ದರು ಎಂದು.

ಪ್ರಶ್ನೆ ಅಧಿಕಾರಿಯ ಕಡೆ ತಿರುಗಿದ್ದು

1953ರಲ್ಲಿ ಗೊನ್ಜಾಗಾ ಮತ್ತು ಜೆ ದಾಂತಾಸ್ ‘ವೋಜೆಸ್ ದಾ ಸೇಕಾ’, ಅಂದರೆ ಬರದ ದನಿಗಳು, ಎಂಬ ಹಾಡು ಹೊರತಂದರು. ಆಗ ಮತ್ತೆ ಬರ. ದಕ್ಷಿಣದ ಪಟ್ಟಣಗಳಲ್ಲಿ ಚಂದಾ ಎತ್ತುತ್ತಿದ್ದರು. ಹಾಡು ಆ ಸಹಾಯಕ್ಕೆ ಮೊದಲು ಧನ್ಯವಾದ ಹೇಳುತ್ತದೆ. ಆಮೇಲೆ ಮಾತು ತಿರುಗುತ್ತದೆ: ಗಟ್ಟಿಮುಟ್ಟಾದವನಿಗೆ ಭಿಕ್ಷೆ ಕೊಟ್ಟರೆ ಅವನು ನಾಚಿಕೆಯಿಂದ ಸಾಯುತ್ತಾನೆ, ಇಲ್ಲವೇ ಕೆಡುತ್ತಾನೆ. ನಮಗೆ ಕೆಲಸ ಕೊಡಿ, ಅಣೆಕಟ್ಟು ಕಟ್ಟಿ, ಅಕ್ಕಿಬೇಳೆ ನ್ಯಾಯವಾದ ಬೆಲೆಗೆ ಸಿಗಲಿ. ಬರ ಮುಗಿದ ಮೇಲೆ ಬಡ್ಡಿ ಸಮೇತ ತೀರಿಸುತ್ತೇವೆ.

ಇಲ್ಲಿ ಹಾಡುವವನು ಮಾತಾಡುತ್ತಿರುವುದು ‘ಡಾಕ್ಟರ್ ಸಾಹೇಬ್ರೇ’ ಎಂದು. ಓದಿದ ದೊಡ್ಡ ಮನುಷ್ಯರನ್ನು ಬಡವರು ಅಲ್ಲಿ ಹಾಗೆ ಕರೆಯುತ್ತಾರೆ. ಅಧಿಕಾರಕ್ಕೆ ನಾವೇ ಆರಿಸಿದವರು ನೀವು ಎಂದು ಅವರಿಗೆ ನೆನಪಿಸುತ್ತಾನೆ. ಕೊನೆಗೆ, ನಮ್ಮ ಹಣೆಬರಹ ನಿಮ್ಮ ಕೈಯಲ್ಲಿದೆ ಎನ್ನುತ್ತಾನೆ. ಆರು ವರ್ಷದ ಹಿಂದೆ ಇದೇ ಗಾಯಕ ದೇವರಿಗೆ ಕೇಳಿದ್ದ ಪ್ರಶ್ನೆ ಈಗ ಸರಕಾರದ ಮೇಜಿನ ಮೇಲೆ ಬಂದು ಕೂತಿದೆ. ಗೊನ್ಜಾಗಾ ಕ್ರಾಂತಿಕಾರಿ ಆಗಿರಲಿಲ್ಲ. ಅಧಿಕಾರದಲ್ಲಿ ಇದ್ದವರ ಜೊತೆ ಚೆನ್ನಾಗಿಯೇ ಇದ್ದರು. ಅಂಥವರ ಬಾಯಲ್ಲಿ ಈ ಮಾತು ಬಂದದ್ದಕ್ಕೇ ಅದಕ್ಕೆ ಇನ್ನಷ್ಟು ತೂಕ.

1960ರ ‘ಸೂಪ್ಲಿಕಾ ಸಿಯಾರೆನ್ಸೆ’ ಮತ್ತೆ ದೇವರ ಮುಂದೆ ಮಂಡಿಯೂರುತ್ತದೆ. ಬರೆದವರು ಗೊರ್ದುರಿನ್ಯಾ ಮತ್ತು ನೆಲಿನ್ಯೊ. ಬರದ ನಂತರ ಪ್ರವಾಹ ಬಂದಿದೆ. ರೈತ ಕ್ಷಮೆ ಕೇಳುತ್ತಿದ್ದಾನೆ: ಸ್ವಾಮಿ, ಮಳೆ ಬೇಕು ಎಂದು ನಾನು ಜಾಸ್ತಿ ಬೇಡಿಕೊಂಡೆನೇನೋ, ನನಗೆ ಪ್ರಾರ್ಥನೆ ಮಾಡಲು ಸರಿಯಾಗಿ ಬರುವುದಿಲ್ಲ, ನಿನಗೆ ಸಿಟ್ಟು ಬಂದು ಇದ್ದ ನೀರನ್ನೆಲ್ಲ ಸುರಿದುಬಿಟ್ಟೆಯಾ? ತನ್ನದಲ್ಲದ ತಪ್ಪನ್ನೂ ಬಡವ ತಲೆಗೆ ಹಾಕಿಕೊಳ್ಳುವುದು ಕೇಳಿದರೆ ಹೊಟ್ಟೆ ಕಿವುಚುತ್ತದೆ. ಈ ಹಾಡನ್ನು ರಿಯೊದ ರಾಕ್ ತಂಡ ‘ಒ ರಾಪ್ಪಾ’ 2008ರಲ್ಲಿ ಮತ್ತೆ ಹಾಡಿತು. ಹೊಸ ತಲೆಮಾರಿಗೆ ಅದು ಹೀಗೆ ತಲುಪಿತು.

1964ರಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಕಾಲೇಜು ಓದಿದ ಯುವಕರ ಕೈಗೆ ಈ ಹಾಡುಗಳು ಬಂದವು. ಅವರಲ್ಲಿ ಜಿಲ್ಬೆರ್ತೊ ಜಿಲ್ ಒಬ್ಬರು. ಬಾಯಿಯಾದ ಒಳನಾಡಿನ ಇತುವಾಸು ಎಂಬ ಸಣ್ಣ ಊರಲ್ಲಿ ಮೆರವಣಿಗೆ ನೋಡಿಕೊಂಡು, ಗೊನ್ಜಾಗಾರ ಹಾಡು ಕೇಳಿಕೊಂಡು ಬೆಳೆದವರು. 1960ರ ದಶಕದ ನಡುವಿನ ಅವರ ‘ಪ್ರೊಸಿಸ್ಸಾವ್’ ಹಾಡಿನಲ್ಲಿ ಸಂತನ ಮೆರವಣಿಗೆ ನೆಲದ ಮೇಲೆ ಹಾವಿನ ಹಾಗೆ ತೆವಳುತ್ತ ಹೋಗುತ್ತದೆ. ಹೆಂಗಸರು ಹಾಡುತ್ತಾರೆ, ಗಂಡಸರು ಕೇಳುತ್ತಾರೆ. ಸತ್ತ ಮೇಲೆ ಒಳ್ಳೆಯ ಬದುಕು ಎಂಬ ಭರವಸೆಯ ಮೇಲೆ ಎಲ್ಲರೂ ಬದುಕಿದ್ದಾರೆ. ನಾನೂ ಯೇಸುವಿನ ಕಡೆಯವನೇ ಎನ್ನುತ್ತಾರೆ ಜಿಲ್. ಆದರೆ ಭೂಮಿಯ ಮೇಲೆ ಬದುಕಲು ನಾವೇ ಒಂದು ದಾರಿ ಮಾಡಿಕೊಳ್ಳಬೇಕು ಎಂಬುದನ್ನು ಹೇಳಲು ಯೇಸು ಮರೆತರು ಅನ್ನಿಸುತ್ತದೆ ಎಂದು ಸೇರಿಸುತ್ತಾರೆ. 1950ರಲ್ಲಿ ದೇವರಿಗೆ ನೆನಪಾಗಿತ್ತು, ಇಲ್ಲಿ ಯೇಸು ಮರೆತಿದ್ದಾರೆ. ಜಿಲ್‌ರ ಟೀಕೆ ಹೊರಗಿನವರ ಟೀಕೆಯಲ್ಲ. ಮೆರವಣಿಗೆಯ ಧಾಟಿಯನ್ನೇ ಹಿಡಿದು, ಆ ಸಾಲಿನೊಳಗೇ ನಡೆಯುತ್ತ ಆಡಿದ ಮಾತು.

ಕವಿ ಜುವಾವ್ ಕಬ್ರಾಲ್ ದೆ ಮೆಲೊ ನೆತೊ ಬರೆದ ಪದ್ಯನಾಟಕಕ್ಕೆ 20 ದಾಟಿದ ಶಿಕೊ ಬುವಾರ್ಕಿ ಸಂಗೀತ ಹಾಕಿದ್ದೂ ಇದೇ ಕಾಲದಲ್ಲಿ. 1965ರಲ್ಲಿ ಸಾವ್ ಪಾವ್ಲೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಅದು ಆಡಿತು. ಅದರಲ್ಲಿ ಕೂಲಿಯವನೊಬ್ಬನ ಶವಸಂಸ್ಕಾರದ ಹಾಡಿದೆ. ಗೇಣು ಅಳೆದು ತೋಡಿದ ಈ ಗುಂಡಿಯೇ ಧಣಿಯ ಜಮೀನಿನಲ್ಲಿ ನಿನ್ನ ಪಾಲು ಎಂದು ಸತ್ತವನಿಗೆ ಹೇಳುತ್ತಾರೆ. ಹಳ್ಳಿಗಳಲ್ಲಿ ಹೆಣದ ಮುಂದೆ ಹೇಳುವ ಪ್ರಾರ್ಥನೆಯ ಏಕನಾದದಲ್ಲೇ ಭೂಮಿಯ ಲೆಕ್ಕ ಬಂದಿದೆ. ಆ ನಾಟಕ ನಿಜಕ್ಕೂ ಕ್ರಿಸ್‌ಮಸ್ ನಾಟಕ. ಕೊನೆಗೆ ಪೆರ್ನಾಂಬುಕೊದ ರಾಜಧಾನಿ ರೆಸಿಫೆಯ ಕೊಳೆಗೇರಿಯಲ್ಲಿ ಬಡಗಿ ಜೋಸೆಫನಿಗೆ ಒಂದು ಮಗು ಹುಟ್ಟುತ್ತದೆ. ನೆರೆಯವರು ತರುವ ಕಾಣಿಕೆ ಕೆಸರಿನಲ್ಲಿ ಹಿಡಿದ ಏಡಿ, ಹೊದಿಸಲು ಹಳೆಯ ಪೇಪರ್.

ಚರ್ಚಿನ ಒಳಗೂ ಗಾಳಿ ಬದಲಾಗುತ್ತಿತ್ತು. ರೆಸಿಫೆಯ ಆರ್ಚ್‌ಬಿಷಪ್ ಎಲ್ದರ್ ಕಾಮರಾ ಅವರಂಥವರು ಬಡವರ ಪರ ನಿಂತು ಸೈನ್ಯದ ಕಣ್ಣಿಗೆ ಗುರಿಯಾದರು. 1981ರಲ್ಲಿ ಅದೇ ರೆಸಿಫೆಯ ಬಯಲಲ್ಲಿ ಗಾಯಕ ಮಿಲ್ತನ್ ನಾಸಿಮೆಂತೊ ಸಂಗೀತದ ‘ಕಿಲೊಂಬೊಗಳ ಪೂಜೆ’ ನಡೆಯಿತು. ತಪ್ಪಿಸಿಕೊಂಡ ಗುಲಾಮರು ಕಟ್ಟಿದ ಊರುಗಳೇ ಕಿಲೊಂಬೊ. ಸಾಹಿತ್ಯದಲ್ಲಿ ಬಿಷಪ್ ಪೆದ್ರೊ ಕಾಸಾಲ್ದಾಲಿಗಾ ಅವರ ಕೈ ಇತ್ತು. ದೇವರ ಪರವಾಗಿ ಚರ್ಚು ಗುಲಾಮರ ಮಕ್ಕಳ ಕ್ಷಮೆ ಕೇಳಿದಂತೆ ಇತ್ತು ಅದು.

ಪ್ರಾರ್ಥನೆ ಬಾರದವನು

ದಕ್ಷಿಣದ ಹಳ್ಳಿಗಾಡಿನ ಬಡತನ ಸ್ವಲ್ಪ ಬೇರೆ. ಅಲ್ಲಿ ಮಳೆ ಇದೆ. ನೆಲೆ ಇಲ್ಲ. ಅಲ್ಲಿನ ಹಳ್ಳಿಯವನಿಗೆ ‘ಕೈಪಿರಾ’ ಅನ್ನುತ್ತಾರೆ. ಸಾವ್ ಪಾವ್ಲೊ ರಾಜ್ಯದ ಅಪರೆಸಿದಾ ಊರಲ್ಲಿ ಇರುವ ಮೇರಿ ಮಾತೆ ಅವನ ದೇವತೆ, 1930ರಿಂದ ಇಡೀ ಬ್ರೆಜಿಲ್‌ನ ರಕ್ಷಕಿ. 1717ರಲ್ಲಿ ಮೀನುಗಾರರು ಗವರ್ನರ್‌ನ ಔತಣಕ್ಕೆ ಮೀನು ಸಿಗದೆ ಒದ್ದಾಡುತ್ತಿದ್ದಾಗ ಬಲೆಗೆ ಮೊದಲು ತಲೆಯಿಲ್ಲದ ಮಣ್ಣಿನ ಮೂರ್ತಿ, ಆಮೇಲೆ ತಲೆ ಸಿಕ್ಕಿತಂತೆ. ಆಮೇಲೆ ಬಲೆ ತುಂಬ ಮೀನು. ಕಪ್ಪು ಬಣ್ಣದ, ಮೊಳದಷ್ಟೂ ಇಲ್ಲದ ಮೂರ್ತಿ ಅದು.

ಅಲ್ಲಿಗೆ ಹತ್ತಿರದ ತೌಬಾತೆಯಲ್ಲಿ ಬೆಳೆದ ರೆನಾತೊ ತೆಯ್ಶೇರಾ ಬರೆದ ‘ರೊಮಾರಿಯಾ’, ಅಂದರೆ ಯಾತ್ರೆ, 1977ರಲ್ಲಿ ಎಲಿಸ್ ರೆಜಿನಾ ಅವರ ದನಿಯಲ್ಲಿ ಮನೆಮಾತಾಯಿತು. ಅಪ್ಪ ಕೂಲಿ, ಅಮ್ಮ ಒಂಟಿ, ಅಣ್ಣತಮ್ಮಂದಿರು ಎಲ್ಲೆಲ್ಲೋ ಕಳೆದುಹೋದರು. ಅದೃಷ್ಟ ಅನ್ನುವುದು ಇದೆಯೋ ಇಲ್ಲವೋ ಗೊತ್ತಿಲ್ಲ, ನೋಡಿಲ್ಲ ಎನ್ನುತ್ತಾನೆ. ಇಲ್ಲಿಗೆ ಬಂದು ಬೇಡಿಕೋ ಎಂದು ಯಾರೋ ಹೇಳಿದರು, ಬಂದಿದ್ದಾನೆ. ಆದರೆ ಪ್ರಾರ್ಥನೆ ಬರುವುದಿಲ್ಲ. ಹಾಗಾಗಿ ತಾಯಿಗೆ ತನ್ನ ಕಣ್ಣನ್ನು ತೋರಿಸಲು ಮಾತ್ರ ಬಂದೆ ಎನ್ನುತ್ತಾನೆ. ಕೇಳಲು ಪಟ್ಟಿ ಇಲ್ಲ, ಕೊಡಲು ಹರಕೆ ಇಲ್ಲ. ಎಲಿಸ್ ಆ ‘ಕಣ್ಣು’ ಎಂಬ ಮಾತನ್ನು ಮತ್ತೆ ಮತ್ತೆ ಎಳೆದು ಹಾಡುವಾಗ ನನಗೆ ಗಂಟಲು ಕಟ್ಟುತ್ತದೆ.

ಊರು ಬಿಟ್ಟು ಪಟ್ಟಣ ಸೇರಿದವನ ಕತೆಯನ್ನು ಲೂಸಿಯೊ ಬಾರ್ಬೋಜಾ ಬರೆದ ‘ಸಿದಾದಾವ್’ ಹೇಳುತ್ತದೆ. ಜೆ ಜೆರಾಲ್ದೊ 1979ರಲ್ಲಿ ಇದನ್ನು ಹಾಡಿದರು. ಆ ಕಟ್ಟಡ ಕಾಣ್ತಿದೆಯಾ ಸ್ವಾಮಿ, ಅದನ್ನು ಕಟ್ಟಿದವನು ನಾನು, ಇವತ್ತು ತಲೆಯೆತ್ತಿ ನೋಡಿದರೆ ಕಳ್ಳನೇನೋ ಎಂದು ಅನುಮಾನ ಪಡ್ತಾರೆ. ಆ ಶಾಲೆ ಕಟ್ಟಿದವನೂ ನಾನು, ನನ್ನ ಮಗಳಿಗೆ ಅಲ್ಲಿ ಸೀಟಿಲ್ಲ. ಮೂರನೆಯದು ಚರ್ಚು. ಅಲ್ಲಿ ಗಂಟೆ ತೂಗುಹಾಕಿದವನೂ ಅವನೇ. ಅಲ್ಲಿ ಮಾತ್ರ ಪಾದ್ರಿ ಒಳಗೆ ಬಿಡುತ್ತಾರೆ. ಒಳಗೆ ಕ್ರಿಸ್ತ ಅವನಿಗೆ ಹೇಳುತ್ತಾನೆ: ಹೆದರಬೇಡ ಮಾರಾಯ, ಭೂಮಿ, ನದಿ, ಬೆಟ್ಟ ಎಲ್ಲ ಮಾಡಿದವನು ನಾನು, ಈಗ ಹೆಚ್ಚಿನ ಮನೆಗಳಿಗೆ ನನ್ನನ್ನೂ ಸೇರಿಸುವುದಿಲ್ಲ. 1947ರಲ್ಲಿ ರೈತ ಕೇಳಿದ ಪ್ರಶ್ನೆಗೆ ಉತ್ತರ ಬರಲು 32 ವರ್ಷ ಹಿಡಿಯಿತು. ಉತ್ತರ ಕೊಟ್ಟ ದೇವರು ಮೇಸ್ತ್ರಿಯ ಪಕ್ಕದಲ್ಲೇ ನಿಂತ ಇನ್ನೊಬ್ಬ ಕೆಲಸಗಾರ.

ಈಗ

2012ರಿಂದ 2017ರವರೆಗೆ ಸೆರ್ತಾವ್ ಬಹಳ ದೀರ್ಘವಾದ ಬರ ಕಂಡಿತು. ಹಿಂದಿನ ಹಾಗೆ ಜನ ರಸ್ತೆಯಲ್ಲಿ ಸಾಯಲಿಲ್ಲ. 2003ರಿಂದ ಬಡ ಕುಟುಂಬಗಳಿಗೆ ‘ಬೋಲ್ಸಾ ಫಮಿಲಿಯಾ’ ನಗದು ಸಹಾಯ ಬರುತ್ತಿದೆ. ಮನೆಯ ಸೂರಿನ ಮೇಲೆ ಬಿದ್ದ ಮಳೆನೀರು ಹಿಡಿದಿಡುವ 16,000 ಲೀಟರ್‌ನ ತೊಟ್ಟಿಗಳು 10 ಲಕ್ಷಕ್ಕೂ ಹೆಚ್ಚು ಎದ್ದಿವೆ. ಧಣಿಯ ಕೆರೆಗೆ ಕೊಡ ಹಿಡಿದು ಹೋಗುವ ಕೆಲಸ ಎಷ್ಟೋ ಮನೆಗಳಲ್ಲಿ ನಿಂತಿದೆ. ಧರ್ಮದ ಚಿತ್ರವೂ ಬದಲಾಗಿದೆ. 2022ರ ಜನಗಣತಿಯಲ್ಲಿ ಕ್ಯಾಥೊಲಿಕರು ಶೇ. 56.7ಕ್ಕೆ ಇಳಿದರು, ಇವಾಂಜೆಲಿಕಲ್ ಪಂಥದವರು ಶೇ. 26.9ಕ್ಕೆ ಏರಿದರು. ಅವರ ಗಾಸ್ಪೆಲ್ ಹಾಡುಗಳೇ ಇಂದು ದೊಡ್ಡ ಮಾರುಕಟ್ಟೆ. ಅದರ ಕತೆ ಬೇರೆಯೇ ಇದೆ, ಇನ್ನೊಂದು ಲೇಖನಕ್ಕಾಗುವಷ್ಟು.

ಕೇಳಲು ಶುರು ಮಾಡುವವರು ಗೊನ್ಜಾಗಾರ ‘ಆಜಾ ಬ್ರಾಂಕಾ’ದಿಂದ ಆರಂಭಿಸಿ, ಅದರ ಹಿಂದೆಯೇ ‘ವೋಜೆಸ್ ದಾ ಸೇಕಾ’ ಹಾಕಿಕೊಳ್ಳಿ. ಒಂದೇ ಗಂಟಲು ಎರಡು ಕಡೆಗೆ ತಿರುಗಿ ಮಾತಾಡುವುದು ಭಾಷೆ ಗೊತ್ತಿಲ್ಲದಿದ್ದರೂ ತಿಳಿಯುತ್ತದೆ. ‘ಆ ತ್ರಿಸ್ತೆ ಪಾರ್ತಿದಾ’ಕ್ಕೆ ಸುಮಾರು 9 ನಿಮಿಷ ಬೇಕು. ಬೇರೆ ಕೆಲಸ ಬದಿಗಿಟ್ಟು, ಅನುವಾದ ಪಕ್ಕದಲ್ಲಿ ಇಟ್ಟುಕೊಂಡು, ಆ ಹಿಮ್ಮೇಳಕ್ಕೆ ಕಿವಿಗೊಟ್ಟು ಕೇಳಿ.